ಚೀಟಿ ತೋರಿಸಿದರೆ ಸಾಕಾ?

ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳ ಸದಸ್ಯರಿಗೆ,

ನಮಸ್ಕಾರ. (ಊರಿನ ಓದುಗರಿಗೆ ಒಂದು ಮಾತು: ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಈ ದೇಶದ ಸಂಸತ್ತು.)

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. 2002ರಿಂದ ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಆಗೆಲ್ಲ ಪ್ರತಿ ಶನಿವಾರ ರಾತ್ರಿ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಭಾನುವಾರ ಬೆಳಿಗ್ಗೆ, ತಿಂಡಿಯ ಹೊತ್ತು. ಇಂಡಿಯನ್ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ನೇತುಹಾಕಿರುತ್ತಿದ್ದ ಕಾಲಿಂಗ್ ಕಾರ್ಡ್ ತರುವುದು, ನಾಣ್ಯದಲ್ಲಿ ಬೆಳ್ಳಿ ಬಣ್ಣ ಕೆರೆಯುವುದು, ಉದ್ದದ ಪಿನ್ ಒತ್ತುವುದು. ನಲವತ್ತು ನಿಮಿಷ ಇದೆ ಅಂತ ಒಂದು ಹೆಣ್ಣುದನಿ ಹೇಳುತ್ತಿತ್ತು. ಇಪ್ಪತ್ತೈದಕ್ಕೇ ಕಟ್ ಆಗುತ್ತಿತ್ತು, ಆ ಮಾತು ಬೇರೆ.

ಅಂದರೆ ಒಂದು ತುದಿ ಅಮೆರಿಕದಲ್ಲಿ, ಇನ್ನೊಂದು ತುದಿ ಹೊರದೇಶದಲ್ಲಿ. ಇಂಥ ಕರೆ ಮತ್ತು ಇ-ಮೇಲ್‌ಗಳನ್ನು ವಾರಂಟ್ ಇಲ್ಲದೆ ಕೇಳಲು, ಓದಲು ಅಧ್ಯಕ್ಷ ಜಾರ್ಜ್ ಬುಷ್ ಎನ್‌ಎಸ್‌ಎ ಅನ್ನುವ ಬೇಹುಗಾರಿಕೆ ಸಂಸ್ಥೆಗೆ ಗುಟ್ಟಾಗಿ ಅಪ್ಪಣೆ ಕೊಟ್ಟಿದ್ದಾರೆ ಅಂತ 2005ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅಲ್ ಖೈದಾ ನಂಟಿನ ಅನುಮಾನ ಇರುವವರದ್ದು ಮಾತ್ರ ಅಂತ ಸರ್ಕಾರ ಹೇಳಿತು. ನಮ್ಮ ಕರೆ ಕೇಳಿದರು ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ಫೋನ್ ಕಂಪನಿಗಳ ಮೇಲೆ ಕೇಸು ನಡೆಯದಂತೆ ಮಾಫಿ ಕೊಟ್ಟು, ಕೇಳಿದರೋ ಇಲ್ಲವೋ ತಿಳಿಯುವ ದಾರಿಯನ್ನೇ ನೀವು ಮುಚ್ಚಿದಿರಿ, ನನ್ನ ತಕರಾರು ಅದು. ಕೇಳಿದವರು ಯಾರಾದರೂ ಇದ್ದರೆ ಅವರಿಗೆ ಕನ್ನಡ ಬರುತ್ತಿರಲೇಬೇಕು. ಈ ಪತ್ರವನ್ನೂ ಅವರಿಂದಲೇ ಓದಿಸಿಕೊಳ್ಳಿ.

ಅಮ್ಮ ಏನು ಮಾತಾಡುತ್ತಿದ್ದಳು? ಅಡಿಕೆಗೆ ಕೊಳೆ ಬಂದಿದ್ದು, ಬೋರ್ಡೋ ಹೊಡೆಯಲು ಆಳು ಸಿಗದಿದ್ದು, ತಮ್ಮನಿಗೆ ನೋಡಿದ ಹೆಣ್ಣು. ಒಂದು ಭಾನುವಾರ ಮಾತ್ರ ದನಿ ತಗ್ಗಿಸಿದಳು. ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ ಅಂದಳು. ಪುಣ್ಯಕ್ಕೆ ಅದು ಬರೀ ಗಂಟಾಗಿತ್ತು. ಆದರೆ ಆ ಹತ್ತು ದಿನ ಆ ವಿಷಯ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ, ಇಬ್ಬರಿಗೇ. ಹಾಗಂತ ನಾವು ಅಂದುಕೊಂಡಿದ್ದೆವು.

ಈಗ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕೋಣೆಯ ಬಗ್ಗೆ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ಫೋಲ್ಸಮ್ ಬೀದಿಯಲ್ಲಿ 611ನೇ ನಂಬರಿನ ಕಟ್ಟಡ, ಎಟಿ ಅಂಡ್ ಟಿ ಅನ್ನುವ ಫೋನ್ ಕಂಪನಿಯದು. ಅದರ ಆರನೇ ಮಹಡಿಯಲ್ಲಿ 641ಎ ಅಂತ ಒಂದು ಕೋಣೆ. ಹೆಚ್ಚುಕಮ್ಮಿ 24 ಅಡಿ ಅಗಲ, 48 ಅಡಿ ಉದ್ದ. ಕಂಪನಿಯ ಮಾಮೂಲಿ ಟೆಕ್ನಿಷಿಯನ್ನರಿಗೆ ಒಳಗೆ ಹೋಗುವಂತಿರಲಿಲ್ಲ. ಅಲ್ಲೇ ಕೆಲಸಕ್ಕಿದ್ದ ಮಾರ್ಕ್ ಕ್ಲೈನ್ ಅನ್ನುವವರಿಗೆ ಇದು ಕಣ್ಣಿಗೆ ಬಿತ್ತು, ಎನ್‌ಎಸ್‌ಎಗಾಗಿ ಮಾಡಿದ ಕೋಣೆ ಅಂತ ಅವರು ಹೇಳಿದರು. 22 ವರ್ಷ ಆ ಕಂಪನಿಯಲ್ಲಿ ದುಡಿದವರು. ಏಳನೇ ಮಹಡಿಯಲ್ಲಿ ಮಾತು, ಮೇಲ್ ಎಲ್ಲ ಬೆಳಕಾಗಿ ಹರಿಯುವ ಇಂಟರ್ನೆಟ್ಟಿನ ಫೈಬರ್ ಕೇಬಲ್ಲುಗಳಿಗೆ ಸ್ಪ್ಲಿಟರ್ ಹಾಕಿದ್ದರು. ಸ್ಪ್ಲಿಟರ್ ಮಾಡುವುದಿಷ್ಟೇ: ಬಂದ ಬೆಳಕನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ತನ್ನ ಪಾಡಿಗೆ ಹೋಗಬೇಕಾದ ಕಡೆ ಹೋಗುತ್ತದೆ. ಇನ್ನೊಂದು ಕೆಳಗಿನ 641ಎಗೆ. ಅತ್ತ ಮಾತಾಡುವವರಿಗೆ ಏನೂ ಗೊತ್ತಾಗಲ್ಲ. ಸ್ಪ್ಲಿಟರ್ ಗಾಜಿನ ತುಂಡು. ಯಾವ ಬೆಳಕು ಭಯೋತ್ಪಾದಕನದ್ದು, ಯಾವುದು ಅಮ್ಮನದ್ದು ಅಂತ ಅದಕ್ಕೆ ಆರಿಸಲು ಬರಲ್ಲ. ಎಲ್ಲವನ್ನೂ ಎರಡು ಮಾಡುತ್ತದೆ. ಕಾಲಿಂಗ್ ಕಾರ್ಡಿನ ಎಷ್ಟೋ ಕರೆಗಳು ಆಗ ಇಂಟರ್ನೆಟ್ ದಾರಿಯಲ್ಲೇ ಹೋಗುತ್ತಿದ್ದವು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಕ್ಲೈನ್ 2004ರಲ್ಲಿ ನಿವೃತ್ತರಾದರು. 2006ರ ಜನವರಿಯಲ್ಲಿ ಕಾಗದಪತ್ರ ಹಿಡಿದುಕೊಂಡು ಇಂಟರ್ನೆಟ್ ಬಳಸುವವರ ಹಕ್ಕಿಗೆ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಬಾಗಿಲು ತಟ್ಟಿದರು. ಕಂಪನಿಯ ಮೇಲೆ ಕೇಸು ದಾಖಲಾಯಿತು. ಅದೇ ವರ್ಷದ ಜುಲೈನಲ್ಲಿ ನ್ಯಾಯಾಧೀಶ ವಾನ್ ವಾಕರ್, ಕೇಸು ವಜಾ ಮಾಡಿ ಅನ್ನುವ ಸರ್ಕಾರದ ಮತ್ತು ಕಂಪನಿಯ ಮನವಿಯನ್ನು ತಳ್ಳಿಹಾಕಿದರು. ಇಂಥ ಎಲ್ಲರನ್ನೂ ಬಾಚುವ ಬಲೆ ಕಾನೂನುಬದ್ಧ ಅಂತ ತಿಳಿವಳಿಕೆ ಇರುವ ಯಾವ ಕಂಪನಿಯೂ ನಂಬಲು ಸಾಧ್ಯವಿಲ್ಲ ಅನ್ನುವ ಅರ್ಥದಲ್ಲಿ ಬರೆದರು. ಅವರನ್ನು ನೇಮಿಸಿದ್ದು ಎಡಪಂಥದವರಲ್ಲ, ಈ ಬುಷ್ ಅವರ ತಂದೆ, ದೊಡ್ಡ ಬುಷ್. ಬೇರೆ ಬೇರೆ ಕಂಪನಿಗಳ ಮೇಲೆ ಹೀಗೆ ನಲವತ್ತರ ಸುಮಾರು ಕೇಸುಗಳಾದವು.

ಆಮೇಲೆ ನೀವು ಬಂದಿರಿ.

2008ರ ಜುಲೈ 9. ಸೆನೆಟ್ಟಿನಲ್ಲಿ 69 ಮತ, ವಿರುದ್ಧ 28. ಮರುದಿನ ಅಧ್ಯಕ್ಷರ ಸಹಿ. ಹಳೆಯ ತಪ್ಪಿಗೆ ಹೊಸ ಕಾನೂನಿನ ರಕ್ಷಣೆ. ಅದು ಕೆಲಸ ಮಾಡುವ ಬಗೆ ಹೀಗೆ. 2001ರ ಸೆಪ್ಟೆಂಬರ್ 11ರಿಂದ 2007ರ ಜನವರಿ 17ರ ನಡುವೆ ಕಂಪನಿಗೆ ಸರ್ಕಾರ ಒಂದು ಚೀಟಿ ಕೊಟ್ಟಿರಬೇಕು. 'ಇದನ್ನು ಅಧ್ಯಕ್ಷರು ಒಪ್ಪಿದ್ದಾರೆ, ಇದು ಕಾನೂನುಬದ್ಧ' ಅಂತ ಚೀಟಿಯಲ್ಲಿ ಬರೆದಿರಬೇಕು. ಹಾಗೆ ಚೀಟಿ ಕೊಟ್ಟಿದ್ದೆವು ಅಂತ ಅಟಾರ್ನಿ ಜನರಲ್ (ಇಲ್ಲಿ ನ್ಯಾಯ ಇಲಾಖೆಯ ಮುಖ್ಯಸ್ಥರು) ಕೋರ್ಟಿಗೆ ಗುಟ್ಟಾಗಿ ಹೇಳಬಹುದು. ಅಲ್ಲಿಗೆ ಮುಗಿಯಿತು, ಕೇಸು ವಜಾ. ಆ ಕೆಲಸ ನಿಜವಾಗಿ ಕಾನೂನುಬದ್ಧವಾಗಿತ್ತಾ ಅಂತ ನ್ಯಾಯಾಧೀಶರು ಕೇಳುವಂತಿಲ್ಲ. ಚೀಟಿ ಇತ್ತಾ, ಅದನ್ನಷ್ಟೇ ನೋಡಬೇಕು. ವಾಕರ್ 2009ರ ಜೂನ್‌ನಲ್ಲಿ, ನೀವು ಮಾಡಿದ ಕಾನೂನಿನಂತೆ, ಕೇಸುಗಳನ್ನು ವಜಾ ಮಾಡಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲೂ ಒಪ್ಪಲಿಲ್ಲ.

ಇಲ್ಲಿ ನನಗೆ ನಮ್ಮ ಚಿಕ್ಕಮ್ಮ ನೆನಪಾಗುತ್ತಾಳೆ. ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದಳು. ಟ್ರಂಕ್ ಬೋರ್ಡಿನ ಮುಂದೆ ಹೆಡ್‌ಸೆಟ್ ಹಾಕಿ ಕೂರುವ ಕೆಲಸ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್ ಬುಕ್ ಮಾಡಿ ಜನ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ಲೈನ್ ಸರಿ ಇದೆಯಾ ಅಂತ ನೋಡಲು ನಡುವೆ ಪ್ಲಗ್ ಹಾಕಿದರೆ ಮಾತು ಕಿವಿಗೆ ಬೀಳುತ್ತಿತ್ತು. ಯಾರ ಮಗ ಬೊಂಬಾಯಿಗೆ ಓಡಿಹೋದ, ಯಾವ ಮನೆಯಲ್ಲಿ ಸಾವಾಯಿತು, ಎಲ್ಲ ಅವಳಿಗೆ ಮೊದಲೇ ಗೊತ್ತು. ಮನೆಯಲ್ಲಿ ನಾವು ಗೋಗರೆದರೂ ಬಾಯಿ ಬಿಡುತ್ತಿರಲಿಲ್ಲ. 'ಬೋರ್ಡಲ್ಲಿ ಕೇಳಿದ್ದು ಬೋರ್ಡಿಗೇ' ಅನ್ನುತ್ತಿದ್ದಳು. ಒಳ್ಳೆಯತನ ಇತ್ತು, ಜೊತೆಗೆ ಭಯವೂ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ನೌಕರರು ಕಾನೂನು ಮೀರಿ ಸಂದೇಶ ಕದ್ದು ಕೇಳಿದರೆ ಅಥವಾ ಬಯಲು ಮಾಡಿದರೆ ಮೂರು ವರ್ಷದವರೆಗೆ ಜೈಲು. ಬ್ರಿಟಿಷರು ಅವರ ಅನುಕೂಲಕ್ಕೆ ಮಾಡಿಕೊಂಡ ಕಾಯ್ದೆ, ಸರ್ಕಾರ ತಾನು ಕೇಳುವ ದಾರಿಯನ್ನು ಅದರಲ್ಲೇ ಇಟ್ಟುಕೊಂಡಿತ್ತು. ಆದರೂ ಬೋರ್ಡಿನ ಮುಂದೆ ಕೂತವರ ತಲೆಯ ಮೇಲೆ ಒಂದು ಕತ್ತಿ ತೂಗುತ್ತಿತ್ತು. ತಿಂಗಳ ಸಂಬಳಕ್ಕೆ ದುಡಿಯುವ ನನ್ನ ಚಿಕ್ಕಮ್ಮನಿಗೆ ಆ ಭಾರ. ವಕೀಲರ ಪಡೆಯನ್ನೇ ಇಟ್ಟುಕೊಂಡ ಕಂಪನಿಗೆ ಮಾಫಿ.

ಕಂಪನಿಗಳ ಪರವಾಗಿ ನೀವು ಹೇಳಿದ್ದು ನನಗೆ ನೆನಪಿದೆ. ಅವಳಿ ಗೋಪುರ ಬಿದ್ದಿದೆ, ದೇಶ ಕಂಗಾಲಾಗಿದೆ, ಅಧ್ಯಕ್ಷರೇ ಕೇಳುತ್ತಿದ್ದಾರೆ, ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಮೊದಲ ಒಂದೆರಡು ವಾರಕ್ಕೆ ಈ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ನಡೆದದ್ದು ಐದು ವರ್ಷ. ಅದೂ ಅಲ್ಲದೆ, ತುರ್ತಿಗೆ ದಾರಿ ಬೇಹುಗಾರಿಕೆಯ ಕದ್ದಾಲಿಕೆಗೆ ಕೋರ್ಟಿನ ಅನುಮತಿ ಬೇಕು ಅನ್ನುವ 1978ರ ಕಾನೂನಿನಲ್ಲೇ ಇತ್ತು. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಗುಪ್ತ ನ್ಯಾಯಾಲಯದ ಅನುಮತಿ ತನ್ನಿ ಅನ್ನುತ್ತಿತ್ತು ಅದು. 2001ರ ಕೊನೆಯಲ್ಲಿ ನೀವೇ ಆ ಗಡುವನ್ನು 72 ಗಂಟೆಗೆ ಏರಿಸಿದಿರಿ. ಕಂಪನಿಗೆ ರಕ್ಷಣೆಯೂ ಹಳೆಯ ಕಾನೂನಿನಲ್ಲೇ ಇತ್ತು. ಕೋರ್ಟಿನ ಆದೇಶ ಇದ್ದರೆ, ಇಲ್ಲವೇ ವಾರಂಟ್ ಬೇಕಿಲ್ಲ, ಕಾನೂನಿನಂತೆ ಎಲ್ಲ ಸರಿ ಇದೆ ಅಂತ ಅಟಾರ್ನಿ ಜನರಲ್ ಬರೆದುಕೊಟ್ಟರೆ, ಕಂಪನಿಯ ಮೇಲೆ ಕೇಸು ನಿಲ್ಲುತ್ತಿರಲಿಲ್ಲ. ಅಷ್ಟು ಇದ್ದಮೇಲೆ ಹೊಸ ಮಾಫಿ ಯಾಕೆ ಬೇಕಾಯಿತು?

ಇದಕ್ಕೆ ನಿಮ್ಮದೇ ಸೆನೆಟ್ ಗುಪ್ತಚರ ಸಮಿತಿಯ 2007ರ ವರದಿಯಲ್ಲಿ ಒಂದು ಸುಳಿವು ಇದೆ. ಕಂಪನಿಗಳಿಗೆ ಕಳಿಸಿದ ಪತ್ರಗಳಲ್ಲೆಲ್ಲ ಅಟಾರ್ನಿ ಜನರಲ್ ಇದನ್ನು ಕಾನೂನುಬದ್ಧ ಅಂದಿದ್ದಾರೆ ಅಂತ ಇತ್ತು, ಒಂದನ್ನು ಬಿಟ್ಟು. ಅರವತ್ತು ದಿನಕ್ಕಿಂತ ಕಡಿಮೆ ಅವಧಿಯ ಆ ಒಂದು ಪತ್ರದಲ್ಲಿ ಕಾನೂನುಬದ್ಧ ಅಂದಿದ್ದು ಶ್ವೇತಭವನದ ವಕೀಲರು. ಆ ಒಂದು ಪತ್ರ ಹಾಗೇಕೆ ಅಂತ ತಿಳಿಯಬೇಕಾದರೆ 2004ರ ಮಾರ್ಚ್ 10ರ ರಾತ್ರಿಗೆ ಹೋಗಬೇಕು. ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿ ಮಲಗಿದ್ದಾರೆ. ಅವರ ಜಾಗದಲ್ಲಿದ್ದ ಜೇಮ್ಸ್ ಕೋಮಿ, ಈ ಕಾರ್ಯಕ್ರಮ ಕಾನೂನಿಗೆ ಒಪ್ಪುವುದಿಲ್ಲ, ಸಹಿ ಹಾಕಲ್ಲ ಅಂದಿದ್ದಾರೆ. ಶ್ವೇತಭವನದ ವಕೀಲ ಆಲ್ಬರ್ಟೋ ಗೊನ್ಸಾಲೆಸ್ ಮತ್ತು ಇನ್ನೊಬ್ಬರು ಆಸ್ಪತ್ರೆಯ ವಾರ್ಡಿಗೇ ಹೋಗುತ್ತಾರೆ, ರೋಗಿಯ ಸಹಿ ಪಡೆಯಲು. ಸುದ್ದಿ ತಿಳಿದ ಕೋಮಿ ಮೆಟ್ಟಿಲು ಹತ್ತಿ ಓಡಿ ಮೊದಲೇ ತಲುಪುತ್ತಾರೆ. ಆಶ್‌ಕ್ರಾಫ್ಟ್ ದಿಂಬಿನಿಂದ ತಲೆ ಎತ್ತಿ, ಆಗಲ್ಲ, ಈಗ ಅಧಿಕಾರ ಇರುವುದು ಕೋಮಿಗೆ ಅಂದುಬಿಡುತ್ತಾರೆ. ಮರುದಿನ ಗೊನ್ಸಾಲೆಸ್ ಅವರ ಸಹಿಯಲ್ಲೇ ಅಪ್ಪಣೆ ಹೊರಟಿತು. ಕೋಮಿ ಇದನ್ನು 2007ರ ಮೇನಲ್ಲಿ ನಿಮ್ಮ ಮುಂದೆಯೇ ಪ್ರಮಾಣ ಮಾಡಿ ಹೇಳಿದರು.

ಈಗ ಕಂಪನಿಯ ವಕೀಲರ ಮೇಜಿನ ಕಡೆ ಬನ್ನಿ. ಎರಡೂವರೆ ವರ್ಷ ಒಂದೇ ತರಹದ ಪತ್ರ ಬಂದಿದೆ. ಈ ಸಲ ಕಾನೂನುಬದ್ಧ ಅಂದವರೇ ಬೇರೆ. ಕಾನೂನು ಹೆಸರಿಸಿರುವ ಅಧಿಕಾರಿ ಇಲ್ಲ, ಹೆಸರಿಸದ ಒಬ್ಬರು ಇದ್ದಾರೆ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯಲ್ಲಿ ಒಂದು ಕೊಂಬು ಆಚೀಚೆ ಆದರೆ ವಾಪಸ್ ಕಳಿಸುತ್ತಾರೆ, ಅಲ್ವಾ? ಆ ಕಂಪನಿಗಳ ಕೇಬಲ್ಲು ಮಾತ್ರ ಆಗಲೂ ಹರಿಯುತ್ತಲೇ ಇತ್ತು. ನೀವು 2008ರಲ್ಲಿ ಮುಚ್ಚಿದ್ದು ಇದನ್ನು ಅಂತ ನನ್ನ ಅಂದಾಜು. ಅದಕ್ಕೇ ಹೊಸ ಕಾನೂನಿನಲ್ಲಿ ಹಾಗೆ ತೀರ್ಮಾನಿಸಿದವರು ಯಾರು ಅನ್ನುವುದು ಮುಖ್ಯವಾಗಲಿಲ್ಲ, 'ಕಾನೂನುಬದ್ಧ' ಅಂತ ಬರೆದಿದ್ದರೆ ಸಾಕಾಯಿತು.

ಇಲ್ಲ ಅನ್ನಲು ಆಗುತ್ತಿರಲಿಲ್ಲವಾ? ಕ್ವೆಸ್ಟ್ ಅನ್ನುವ ಫೋನ್ ಕಂಪನಿ ಇಲ್ಲ ಅಂದಿತು. ಅದರ ಮುಖ್ಯಸ್ಥರಾಗಿದ್ದ ಜೋಸೆಫ್ ನಾಚಿಯೋ, ವಾರಂಟ್ ಇದೆಯಾ ಅಂತ ಕೇಳಿದರು, ಇಲ್ಲ ಅಂತ ತಿಳಿದಮೇಲೆ ಗ್ರಾಹಕರ ದಾಖಲೆ ಕೊಡಲಿಲ್ಲ ಅಂತ ಅವರ ವಕೀಲರು 2006ರಲ್ಲಿ ಹೇಳಿದರು. ನಾಚಿಯೋ ಸಾಧುಸಂತರೇನಲ್ಲ. ಷೇರು ವ್ಯವಹಾರದ ಬೇರೆ ಕೇಸಿನಲ್ಲಿ ಜೈಲಿಗೂ ಹೋದರು. ಅಂಥವರಿಗೂ ಹೊಳೆದ ಪ್ರಶ್ನೆ ಉಳಿದವರಿಗೆ ಹೊಳೆಯಲಿಲ್ಲ.

ದೇಶಭಕ್ತಿಯ ಮಾತು ಬಂದಾಗೆಲ್ಲ ನನಗೆ 2008ರ ಜನವರಿಯ ಒಂದು ಆಡಿಟ್ ನೆನಪಾಗಿ ನಗು ಬರುತ್ತದೆ. ಎಫ್‌ಬಿಐ ಹೊತ್ತಿಗೆ ಸರಿಯಾಗಿ ಬಿಲ್ ಕಟ್ಟಲಿಲ್ಲ ಅಂತ ಫೋನ್ ಕಂಪನಿಗಳು ಕದ್ದಾಲಿಕೆಯ ಲೈನುಗಳನ್ನೇ ಕಟ್ ಮಾಡಿದ್ದವು! ಒಂದು ಕಚೇರಿಯ ಬಾಕಿಯೇ 66,000 ಡಾಲರ್. ಅದನ್ನು ಹೇಳಿದ್ದು ನಿಮ್ಮದೇ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಇಲಾಖೆಯ ಒಳಗಿನ ತಪ್ಪು ಹುಡುಕುವ ಅಧಿಕಾರಿ. ವಾರಂಟ್ ಇಲ್ಲದಿದ್ದರೆ ನಡೆಯುತ್ತದೆ, ದುಡ್ಡು ಇಲ್ಲದಿದ್ದರೆ ನಡೆಯಲ್ಲ. ನಮ್ಮ ಲೈನ್‌ಮನ್ ಕೂಡ ಇಷ್ಟು ಕಟ್ಟುನಿಟ್ಟಿಲ್ಲ.

ಇದೆಲ್ಲ ಹೊಸದೂ ಅಲ್ಲ. 1945ರಿಂದ 1975ರವರೆಗೆ, ಮೂವತ್ತು ವರ್ಷ, ಮೂರು ತಂತಿ ಕಂಪನಿಗಳು ಹೊರದೇಶಕ್ಕೆ ಹೋಗುವ, ಬರುವ ಟೆಲಿಗ್ರಾಂಗಳ ಪ್ರತಿಯನ್ನು ಸರ್ಕಾರಕ್ಕೆ ಕೊಡುತ್ತಿದ್ದವು. ಶ್ಯಾಮ್‌ರಾಕ್ ಅಂತ ಅದರ ಗುಟ್ಟಿನ ಹೆಸರು. ಆ ಕಂಪನಿಗಳಿಗೂ ಅಳುಕು ಇತ್ತು. 1947ರಲ್ಲಿ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಫಾರೆಸ್ಟಲ್, ಕಂಪನಿಯವರನ್ನು ಕೂರಿಸಿಕೊಂಡು, ನಿಮ್ಮ ಮೇಲೆ ಕೇಸು ಹಾಕಲ್ಲ ಅಂತ ಬಾಯಿಮಾತಿನ ಭರವಸೆ ಕೊಟ್ಟರು. ಸೆನೆಟರ್ ಫ್ರಾಂಕ್ ಚರ್ಚ್ ಅವರ ತನಿಖಾ ಸಮಿತಿ ಇದನ್ನೆಲ್ಲ ಹೊರಗೆ ಎಳೆಯಿತು, ಅದರಿಂದಲೇ 1978ರ ಕಾನೂನು ಹುಟ್ಟಿತು. ಕಂಪನಿಗಳೇ ಕೊನೆಯ ಬಾಗಿಲು, ಅವು ಸುಮ್ನೆ ತೆರೆದುಕೊಳ್ಳಬಾರದು ಅಂತ ಕಲಿತ ಪಾಠ ಅದು. ಮೂವತ್ತು ವರ್ಷಕ್ಕೆ ಸರಿಯಾಗಿ ನೀವು, ಫಾರೆಸ್ಟಲ್ ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಟ್ಟಿರಿ.

ನಡುವಿನ ಒಂದು ದಾರಿಯೂ ನಿಮ್ಮ ಮೇಜಿನ ಮೇಲೆ ಇತ್ತು. ಸೆನೆಟರ್ ಆರ್ಲೆನ್ ಸ್ಪೆಕ್ಟರ್ ಅದನ್ನು ತಂದಿದ್ದರು: ಕಂಪನಿಯನ್ನು ಬಿಡಿ, ಅದರ ಜಾಗದಲ್ಲಿ ಸರ್ಕಾರ ಕಟಕಟೆಯಲ್ಲಿ ನಿಲ್ಲಲಿ, ಕೇಸು ಮುಂದುವರಿಯಲಿ. ಕಂಪನಿ ದಿವಾಳಿ ಆಗುತ್ತದೆ ಅನ್ನುವ ಭಯಕ್ಕೆ ಅದು ನೇರ ಮದ್ದಾಗಿತ್ತು. ಅದನ್ನೂ ಸೋಲಿಸಿದಿರಿ. ಆಗಲೇ ನನಗೆ ಅನಿಸಿದ್ದು, ನೀವು ಕಾಪಾಡುತ್ತಿರುವುದು ಕಂಪನಿಗಳ ದುಡ್ಡನ್ನಲ್ಲ, ಆ ಕೋಣೆಯ ಬಾಗಿಲನ್ನು.

ವೋಟಿನ ಲೆಕ್ಕಕ್ಕೆ ಜಾಸ್ತಿ ಹೊತ್ತು ಕೊಡಲ್ಲ. ಇಂಥ ಮಾಫಿ ಇರುವ ಯಾವ ಮಸೂದೆಯನ್ನೂ ತಡೆಯಲು ಜೊತೆಗಿರುತ್ತೇನೆ ಅಂತ 2007ರಲ್ಲಿ ಬರಾಕ್ ಒಬಾಮ ಕಡೆಯವರು ಹೇಳಿದ್ದರು. ಮಾಫಿಯನ್ನು ತೆಗೆಯುವ ತಿದ್ದುಪಡಿಗೆ ಅವರು ಮತ ಹಾಕಿದ್ದು ನಿಜ, ಅದು ಸೋತಮೇಲೆ ಇಡೀ ಮಸೂದೆಗೂ ಹಾಕಿದರು. ಅಂದು ವಿರುದ್ಧ ಮತ ಹಾಕಿದ ಜೋ ಬೈಡನ್, 2024ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾಗಿ ಅದೇ ಕಾನೂನಿನ 702ನೇ ಕಲಮನ್ನು (ಹೊರದೇಶದವರ ಮಾತನ್ನು ವಾರಂಟ್ ಇಲ್ಲದೆ ಸಂಗ್ರಹಿಸಲು ಬಿಡುವ ಕಲಮು) ಎರಡು ವರ್ಷ ಮುಂದುವರಿಸಲು ಸಹಿ ಹಾಕಿದರು. ಕುರ್ಚಿ ಬದಲಾದರೆ ಕಣ್ಣು ಬದಲಾಗುತ್ತದೆ, ನಮ್ಮೂರಲ್ಲೂ ಇದು ಹೊಸದೇನಲ್ಲ. ಆದರೂ 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪಕ್ಕೆ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದರು. ಇಲ್ಲಿ ಯಾರ ಕುರ್ಚಿಯೂ ಅಲುಗಲಿಲ್ಲ.

ಚೀಟಿಯನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಭಾರತದಲ್ಲಿ ನಡೆದ ಒಂದು ಪ್ರಕರಣ ಹೇಳುತ್ತೇನೆ. ರಾಜಕಾರಣಿ ಅಮರ್ ಸಿಂಗ್ ಅವರ ಫೋನನ್ನು ಕದ್ದು ಕೇಳಲು ದೆಹಲಿ ಪೊಲೀಸರ ಹೆಸರಿನಲ್ಲಿ ಕಂಪನಿಗೆ ಪತ್ರ ಬಂತು. ಕಂಪನಿ ಪಾಲಿಸಿತು. ಆಮೇಲೆ ನೋಡಿದರೆ ಪತ್ರವೇ ನಕಲಿ, ತಪ್ಪುಗಳು ಎದ್ದು ಕಾಣುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಕಾರಣಕ್ಕೆ ಅವರ ಅರ್ಜಿಯನ್ನು ವಜಾ ಮಾಡಿತು. ಆದರೆ ಕಂಪನಿಗೆ ಒಂದು ಮಾತು ಹೇಳಿಯೇ ಬಿಟ್ಟಿತು: ಇಂಥ ಪತ್ರ ಬಂದರೆ ಅದು ಅಸಲಿಯೇ ಅಂತ ವಿಚಾರಿಸುವುದು ನಿಮ್ಮ ಹೊಣೆ. ವಿಚಾರಿಸದಿದ್ದರೂ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಟ್ಟರೆ ಯಾರು ವಿಚಾರಿಸುತ್ತಾರೆ?

ಇನ್ನು ನನ್ನ ಕರೆಯ ವಿಷಯ. ಕಂಪನಿಯನ್ನು ಕೇಳೋಣ ಅಂದರೆ ಮಾಫಿ ಅಡ್ಡ. ಸರ್ಕಾರವನ್ನು ಕೇಳೋಣ ಅಂದರೆ, ನಿಮ್ಮನ್ನೇ ಕೇಳಿಸಿಕೊಂಡರು ಅಂತ ಮೊದಲು ಸಾಬೀತು ಮಾಡಿ ಅನ್ನುತ್ತಾರೆ. ಸಾಬೀತು ಮಾಡುವ ಕಾಗದ ಸರ್ಕಾರದ ಗುಟ್ಟು. ಅಲ್ ಹರಮೈನ್ ಅನ್ನುವ ಸಂಸ್ಥೆಯ ವಕೀಲರಿಗೆ ಸರ್ಕಾರದ ಕಡೆಯಿಂದಲೇ ಕಣ್ತಪ್ಪಿ ಅಂಥ ಒಂದು ಕಾಗದ ಬಂದಿತ್ತು. ಅವರು ಗೆದ್ದರು, ಇಬ್ಬರು ವಕೀಲರಿಗೆ ತಲಾ 20,400 ಡಾಲರ್ ಪರಿಹಾರ ಅಂತ ಆದೇಶವೂ ಆಯಿತು. 2012ರಲ್ಲಿ ಮೇಲಿನ ಕೋರ್ಟ್, ಸರ್ಕಾರದ ಮೇಲೆ 1978ರ ಕಾನೂನಿನ ಪರಿಹಾರದ ಕಲಮಿನಡಿ ದಾವೆ ಹೂಡಲು ಬರುವುದಿಲ್ಲ ಅಂತ ಅದನ್ನೂ ಕಿತ್ತುಕೊಂಡಿತು. ಅದೇ ವರ್ಷ ನಿಮ್ಮವರೇ ಆದ ರಾನ್ ವೈಡನ್ ಮತ್ತು ಮಾರ್ಕ್ ಯೂಡಾಲ್ ಒಂದು ಸರಳ ಪ್ರಶ್ನೆ ಕೇಳಿದರು: 2008ರ ಕಾನೂನಿನಡಿ ಅಮೆರಿಕದಲ್ಲಿರುವ ಎಷ್ಟು ಜನರ ಮಾತು ಸಂಗ್ರಹ ಆಗಿದೆ, ಅಂದಾಜಾದರೂ ಹೇಳಿ. ಗುಪ್ತಚರ ವಿಭಾಗದ ಇನ್‌ಸ್ಪೆಕ್ಟರ್ ಜನರಲ್ ಉತ್ತರ ಕೊಟ್ಟರು. ಲೆಕ್ಕ ಹಾಕುವುದು ಎನ್‌ಎಸ್‌ಎಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಕೈಲಾಗುವ ಕೆಲಸ ಅಲ್ಲವಂತೆ, ಮೇಲಾಗಿ ಎಣಿಸಲು ಹೋದರೆ ಜನರ ಖಾಸಗಿತನಕ್ಕೆ ಧಕ್ಕೆಯಂತೆ! ತುಂಬಿಟ್ಟುಕೊಂಡರೆ ಧಕ್ಕೆ ಇಲ್ಲ, ಎಣಿಸಿದರೆ ಧಕ್ಕೆ.

ನಾನು ಪರಿಹಾರ ಕೇಳುತ್ತಿಲ್ಲ. ನಾನೀಗ ಇಲ್ಲಿನ ಪ್ರಜೆ, ನಿಮ್ಮಲ್ಲಿ ಮೂವರು ನನ್ನ ವೋಟು ಕೇಳಲು ಬರುತ್ತೀರಿ. ಕಂಪನಿಗೆ ರಕ್ಷಣೆ ಕೋರ್ಟಿನ ಆದೇಶ ಇದ್ದರೆ ಮಾತ್ರ ಇರಲಿ, ಸರ್ಕಾರದ ಚೀಟಿಗೆ ಬೇಡ. ಆದೇಶವಿಲ್ಲದೆ ಕೇಬಲ್ಲು ಸೀಳಿದರೆ ಸೀಳಿದವರು ಕಟಕಟೆಗೆ ಬರಲಿ. ವೈಡನ್ ಕೇಳಿದ ಅಂಕಿಯನ್ನು ಹೊರಗಿಡಿ, ಅಂದಾಜಾದರೂ ಪರವಾಗಿಲ್ಲ. 2024ರಲ್ಲಿ, ಅಮೆರಿಕನ್ನರ ಮಾತನ್ನು ಹುಡುಕುವ ಮೊದಲು ವಾರಂಟ್ ಬೇಕು ಅನ್ನುವ ತಿದ್ದುಪಡಿಗೆ ಕೆಳಮನೆಯಲ್ಲಿ 212 ಮತ ಬಿತ್ತು, ವಿರುದ್ಧವೂ 212. ಸಮಬಲವಾಗಿ ಬಿದ್ದುಹೋಯಿತು. ಒಂದು ಕೈ ಎತ್ತಿದ್ದರೆ ಸಾಕಿತ್ತು. ಆ ದಿನ ಇಲ್ಲ ಅಂದವರಲ್ಲಿ ಯಾರಾದರೂ ಇದನ್ನು ಓದಿಸಿಕೊಳ್ಳುತ್ತಿದ್ದರೆ, ನಿಮ್ಮ ಕಾರಣವನ್ನು ಬರೆದು ತಿಳಿಸಿ.

ಮಾರ್ಕ್ ಕ್ಲೈನ್ 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಾಫಿ ಕೊಡಬೇಡಿ ಅಂತ ಹೇಳಲು 2007ರಲ್ಲಿ ಅವರು ವಾಷಿಂಗ್ಟನ್ನಿಗೆ ಬಂದಿದ್ದರು, ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ತಾನು ಕಂಡದ್ದನ್ನು ಯಾವ ನ್ಯಾಯಾಲಯದಲ್ಲೂ ಕಟಕಟೆ ಹತ್ತಿ ಹೇಳುವ ದಿನ ಅವರಿಗೆ ಬರಲೇ ಇಲ್ಲ.

ಉತ್ತರ ಬರೆಯುವುದಾದರೆ ಇಂಗ್ಲಿಷಿನಲ್ಲೇ ಬರೆಯಿರಿ. ಅಮ್ಮನಿಗೆ ನಾನೇ ಕನ್ನಡದಲ್ಲಿ ಓದಿ ಹೇಳುತ್ತೇನೆ. ಈಗಲೂ ಶನಿವಾರ ರಾತ್ರಿಯೇ ಫೋನ್ ಮಾಡುವುದು. ಎಷ್ಟು ಗಂಟೆಗೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ, ಅಲ್ವಾ?

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಮತದಾರ
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ